ಗೋಮಾಳ, ಕಾವಲುಗಳ ಹುಲ್ಲು ಮರಳಿ ತರುವುದು ಹೇಗೆ?

ಮುಂಗಾರು ಹತ್ತಿರವಾದಂತೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ನಮ್ಮೂರ ಗೋಮಾಳ ಬೋಳಾಗಿದೆ, ಅಲ್ಲಿ ಯಾವ ಗಿಡ ನೆಟ್ಟರೆ ಒಳ್ಳೆಯದು?" ನಮ್ಮ ಉತ್ತರವೂ ಒಂದೇ. ಸದ್ಯಕ್ಕೆ ಯಾವ ಗಿಡವನ್ನೂ ನೆಡಬೇಡಿ. ಆ ನೆಲ ಹಿಂದೆ ಕಾಡಾಗಿತ್ತೋ ಹುಲ್ಲುಗಾವಲಾಗಿತ್ತೋ ಎಂದು ಮೊದಲು ತಿಳಿದುಕೊಳ್ಳಿ. ಹುಲ್ಲುಗಾವಲಾಗಿದ್ದರೆ ಅಲ್ಲಿ ಮಾಡಬೇಕಾದ ಕೆಲಸ ಸಸಿ ನೆಡುವ ಕೆಲಸಕ್ಕಿಂತ ಪೂರ್ತಿ ಬೇರೆ. ಅದನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇವೆ.

ಇದು ಬಯಲುಸೀಮೆಯ ಹುಲ್ಲುಗಾವಲಿಗೆ ಬರೆದದ್ದು. ಚಳ್ಳಕೆರೆ, ಹಿರಿಯೂರು, ಕಡೂರು, ಅಜ್ಜಂಪುರ, ಅರಸೀಕೆರೆ, ಮಧುಗಿರಿಯ ಸುತ್ತಿನ ಕಾವಲುಗಳು (ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲು), ಗೋಮಾಳಗಳು, ಮರಡಿಗಳು ಇದರ ವ್ಯಾಪ್ತಿ. ಕುದುರೆಮುಖ, ಬಾಬಾಬುಡನ್‌ಗಿರಿಯಂಥ ಕಡೆಯ ಶೋಲಾ ಹುಲ್ಲುಗಾವಲಿಗೆ ಮಳೆ, ಮಣ್ಣು, ಹುಲ್ಲು ಎಲ್ಲವೂ ಬೇರೆ. ಇಲ್ಲಿನ ಲೆಕ್ಕಗಳನ್ನು ಅಲ್ಲಿ ಬಳಸಬೇಡಿ.

ಮರ ಏಕೆ ಬೇಡ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಬಯಲುಸೀಮೆಯ ಒಳ್ಳೆಯ ಹುಲ್ಲುಗಳು ಬಹುವಾರ್ಷಿಕ. ಎಂದರೆ ಬೇಸಿಗೆಯಲ್ಲಿ ಮೇಲಿನ ಎಲೆ ಒಣಗಿದರೂ ಬುಡ, ಬೇರು ಜೀವಂತವಾಗಿದ್ದು ಮಳೆ ಬಿದ್ದ ವಾರದಲ್ಲೇ ಚಿಗುರುತ್ತವೆ. ಗಿಡದ ಆಸ್ತಿಯೆಲ್ಲ ನೆಲದ ಕೆಳಗೆ. ಈ ಹುಲ್ಲಿಗೆ ತಲೆಯ ಮೇಲೆ ಪೂರ್ತಿ ಬಿಸಿಲು ಬೇಕು; ನೆರಳು ಬಿದ್ದಲ್ಲಿ ಬುಡ ತೆಳ್ಳಗಾಗಿ ಸಾಯುತ್ತದೆ. ಕೃಷ್ಣಮೃಗ, ತೋಳ, ನೆಲಗುಬ್ಬಿ, ಗೌಜಲು, ಚಳಿಗಾಲದಲ್ಲಿ ದೂರದೇಶದಿಂದ ಬಂದು ನೆಲದ ಮೇಲೇ ರಾತ್ರಿ ಕಳೆಯುವ ಸೆಳೆವ (ಹ್ಯಾರಿಯರ್) ಹಕ್ಕಿಗಳು, ಇವೆಲ್ಲ ಬದುಕುವುದು ದೂರದವರೆಗೆ ಕಣ್ಣು ಹಾಯುವ ಬಯಲಿನಲ್ಲಿ. ಒತ್ತೊತ್ತಾಗಿ ಮರ ಬೆಳೆದರೆ ಅವು ಅಲ್ಲಿರುವುದಿಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಘೋಷಣೆಯಾಯಿತು, ಆದರೆ ಅದರ ಬಹುಭಾಗ ನೀಲಗಿರಿ ನೆಡುತೋಪು. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ) ಈಗ ಕಾಣುವುದಿಲ್ಲ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಪಿಕಾಸಿ, ಹಾರೆ, ಗುದ್ದಲಿ, ಕುಡುಗೋಲು, ದಪ್ಪ ಕೈಗವಸು, ಬಟ್ಟೆಚೀಲ ಅಥವಾ ಗೋಣಿಚೀಲ, ಒಂದು ಮೀಟರ್ ಉದ್ದಗಲದ ಚೌಕಟ್ಟು (ನಾಲ್ಕು ಪಿವಿಸಿ ಪೈಪು, ನಾಲ್ಕು ಮೂಲೆ ಜೋಡಣೆ ಸಾಕು), ಸಣ್ಣ ತಕ್ಕಡಿ, ಒಂದು ನೋಟ್‌ಬುಕ್. ಇವೆಲ್ಲಕ್ಕಿಂತ ಹೆಚ್ಚಾಗಿ ಕನಿಷ್ಠ ಐದು ವರ್ಷದ ತಾಳ್ಮೆ ಬೇಕು.

1. ನೆಲ ಯಾರದು, ದಾಖಲೆಯಲ್ಲಿ ಏನೆಂದಿದೆ?

ಕಳೆ ಕೀಳುವುದಕ್ಕೂ ಮೊದಲು ಪಹಣಿ ತೆಗೆಸಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದಲ್ಲಿ ನಿಂತು ನೋಡಿದರೆ ಸಿಗುತ್ತದೆ. ಪಹಣಿಯಲ್ಲಿ ಗೋಮಾಳ, ಹುಲ್ಲುಬನ್ನಿ ಖರಾಬು, ಅಮೃತ್ ಮಹಲ್ ಕಾವಲು (ಹಳೆಯ ಮೈಸೂರು ಸಂಸ್ಥಾನದ ದನಗಳಿಗೆ ಮೀಸಲಿದ್ದ ಕಾವಲು), ಸೇಂದಿವನ ಹೀಗೆ ಏನಾದರೂ ಇರುತ್ತದೆ. ಗೋಮಾಳವಾದರೆ ಕಂದಾಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿ, ಅಮೃತ್ ಮಹಲ್ ಕಾವಲಾದರೆ ಪಶುಪಾಲನಾ ಇಲಾಖೆ ಅಥವಾ ಅರಣ್ಯ ಇಲಾಖೆ ಒಪ್ಪಬೇಕು. ಒಪ್ಪಿಗೆ ಬರಹದಲ್ಲಿರಲಿ. ಬಾಯಿಮಾತಿನ ಒಪ್ಪಿಗೆ ನಂಬಿ ಮೂರು ವರ್ಷ ದುಡಿದ ಜಾಗದಲ್ಲಿ ನಾಲ್ಕನೇ ವರ್ಷ ನಿವೇಶನದ ಕಲ್ಲು ನೆಟ್ಟರೆ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎರಡು ಕಾನೂನಿನ ಮಾತು ತಿಳಿದಿರಲಿ. ಕರ್ನಾಟಕ ಭೂಕಂದಾಯ ಕಾಯಿದೆ 1964ರ 71ನೇ ಕಲಮು ಊರ ದನಗಳ ಮೇವಿಗೆ ಸರ್ಕಾರಿ ಜಮೀನು ಮೀಸಲಿಡಲು ಅವಕಾಶ ಕೊಡುತ್ತದೆ. ಅದರ ಕೆಳಗಿನ 1966ರ ನಿಯಮಗಳ 97ನೇ ನಿಯಮ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಎಂದು ಲೆಕ್ಕ ಹಾಕುತ್ತದೆ. ಊರ ಜಾನುವಾರು ಗಣತಿಯ ಪ್ರತಿಯನ್ನು ಪಶು ಆಸ್ಪತ್ರೆಯಿಂದ ಪಡೆದು ಇಟ್ಟುಕೊಳ್ಳಿ; ಗೋಮಾಳವನ್ನು ಬೇರೆ ಕೆಲಸಕ್ಕೆ ಕೊಡುವ ಪ್ರಸ್ತಾಪ ಬಂದ ದಿನ ಮೊದಲು ಬೇಕಾಗುವ ಕಾಗದ ಅದೇ. ಇನ್ನೊಂದು, ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ಬಳಕೆಯ ತಿಳಿವಳಿಕೆಯನ್ನು ದಾಖಲಿಸಬೇಕು. ಎಷ್ಟೋ ಕಡೆ ಈ ಸಮಿತಿ ಹೆಸರಿಗಷ್ಟೇ ಇರುತ್ತದೆ. ನಿಮ್ಮ ಹುಲ್ಲುಗಾವಲಿನ ಪಟ್ಟಿಯನ್ನು ಆ ದಾಖಲೆಯಲ್ಲಿ ಸೇರಿಸುವಂತೆ ಅರ್ಜಿ ಕೊಡಿ.

ದೊಡ್ಡ ಜಾಗವಾದರೆ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸುವ ದಾರಿಯೂ ಇದೆ. ವನ್ಯಜೀವಿ ಕಾಯಿದೆಯಡಿ ಸರ್ಕಾರಿ ಜಮೀನಿಗೆ ಸಿಗುವ ರಕ್ಷಣೆ ಇದು, ಅಭಯಾರಣ್ಯಕ್ಕಿಂತ ಸಡಿಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು (2007), ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲು (2011) ಹೀಗೆ ಉಳಿದವು. ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲಿಗೂ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು.

2. ಅದು ಹಳೆಯ ಹುಲ್ಲುಗಾವಲೇ ಎಂದು ಗುರುತಿಸಿ

ಸಾವಿರಾರು ವರ್ಷದಿಂದ ಹುಲ್ಲುಗಾವಲಾಗಿಯೇ ಇರುವ ನೆಲ ಒಂದು, ಕಾಡು ಕಡಿದ ಮೇಲೆ ಹುಲ್ಲು ಬಂದ ನೆಲ ಇನ್ನೊಂದು. ಎರಡಕ್ಕೂ ಚಿಕಿತ್ಸೆ ಬೇರೆ. ಹಳೆಯದೆಂದು ಹೇಳುವ ಕುರುಹುಗಳಿವೆ.

ಊರ ಹೆಸರಿನಲ್ಲೋ ಸರ್ವೆ ನಂಬರಿನಲ್ಲೋ ಕಾವಲು, ಹಟ್ಟಿ, ಮರಡಿ ಇರುತ್ತದೆ. ನೆಲವನ್ನು ಎಂದೂ ಉತ್ತಿರುವುದಿಲ್ಲ, ಹಳೆಯ ಬದುಗಳ ಗುರುತು ಇರುವುದಿಲ್ಲ. ಹುಲ್ಲು ಚಾಪೆಯಂತೆ ಹರಡದೆ ಪೊದೆಪೊದೆಯಾಗಿ, ಮುಷ್ಟಿಗಾತ್ರದ ಗಟ್ಟಿ ಬುಡಗಳಾಗಿ ನಿಂತಿರುತ್ತದೆ. ನಡುನಡುವೆ ಗೆಡ್ಡೆಯಿಂದ ಏಳುವ ಹೂಗಿಡಗಳು, ನೆಲಕ್ಕಂಟಿದ ದ್ವಿದಳ ಬಳ್ಳಿಗಳು ಇರುತ್ತವೆ. ಮರಗಳಿದ್ದರೆ ಅಲ್ಲೊಂದು ಇಲ್ಲೊಂದು: ಬನ್ನಿ, ಬಿಳಿಜಾಲಿ, ಎಲಚಿ, ಕಾರೆ. ಇಂಥ ಬಿಡಿಬಿಡಿ ಮರಗಳು ಹುಲ್ಲುಗಾವಲಿನದ್ದೇ, ಅವನ್ನು ಕಡಿಯಬೇಡಿ.

ಕುರುಬರು, ಕಾಡುಗೊಲ್ಲರು, ದೇವರ ಎತ್ತು ಕಾಯುವ ಕಿಲಾರಿಗಳು ಇದ್ದಲ್ಲಿ ಮೊದಲು ಅವರ ಬಳಿ ಕೂರಿ. ಯಾವ ಹುಲ್ಲು ಯಾವ ಮಳೆಗೆ ಬರುತ್ತದೆ, ಯಾವುದನ್ನು ದನ ಮೂಸುವುದೂ ಇಲ್ಲ, ಯಾವುದು ಇಪ್ಪತ್ತು ವರ್ಷದಿಂದ ಕಾಣಿಸಿಲ್ಲ ಎಂದು ಅವರಷ್ಟು ನಿಖರವಾಗಿ ಬೇರೆ ಯಾರೂ ಹೇಳಲಾರರು. ಹೆಸರುಗಳನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿ. ಒಂದೇ ಹುಲ್ಲಿಗೆ ತಾಲ್ಲೂಕಿಗೊಂದು ಹೆಸರಿರುವುದರಿಂದ ತೆನೆಸಮೇತ ಒಂದು ಮಾದರಿಯನ್ನು ಒಣಗಿಸಿ ಹಳೆಯ ಪತ್ರಿಕೆಯ ನಡುವೆ ಇಡಿ. ಕೃಷಿ ವಿಶ್ವವಿದ್ಯಾಲಯದಲ್ಲೋ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲೋ ಶಾಸ್ತ್ರೀಯ ಹೆಸರು ಸಿಗುತ್ತದೆ. ಸೆಹಿಮಾ ನರ್ವೋಸಂ, ಹೆಟೆರೊಪೋಗಾನ್ ಕಾಂಟಾರ್ಟಸ್, ಕ್ರೈಸೊಪೋಗಾನ್ ಫುಲ್ವಸ್, ಡೈಕಾಂಥಿಯಂ, ಬೋಥ್ರಿಯೊಕ್ಲೋವಾ ಸಿಕ್ಕಿದರೆ ಸಂತೋಷಪಡಿ, ಬುಡ ಇನ್ನೂ ಉಳಿದಿದೆ. ಬರೀ ಅರಿಸ್ಟಿಡಾದಂಥ ಒಂದೇ ವರ್ಷ ಬಾಳುವ ತೆಳು ಹುಲ್ಲುಗಳೇ ಇದ್ದರೆ ನೆಲ ವಿಪರೀತ ಮೇಯ್ದು ದಣಿದಿದೆ ಎಂದರ್ಥ.

3. ಕೆಲಸಕ್ಕೆ ಮುಂಚಿನ ಲೆಕ್ಕ

ಈ ಹಂತ ಬಿಟ್ಟವರೇ ಹೆಚ್ಚು. ಬಿಟ್ಟರೆ ಐದು ವರ್ಷದ ಮೇಲೆ ಏನು ಬದಲಾಯಿತೆಂದು ತೋರಿಸಲು ಏನೂ ಇರುವುದಿಲ್ಲ.

ಹುಲ್ಲು ತೆನೆ ಬಿಟ್ಟಿರುವಾಗ, ಅಕ್ಟೋಬರ್‌ನಿಂದ ನವೆಂಬರ್ ಮಧ್ಯದೊಳಗೆ ಮಾಡಿ. ತೆನೆ ಇಲ್ಲದೆ ಹುಲ್ಲು ಗುರುತಿಸುವುದು ಕಷ್ಟ. ಜಾಗದ ಒಂದು ತುದಿಯಿಂದ ನೇರ ನಡೆಯುತ್ತ ಪ್ರತಿ 50 ಹೆಜ್ಜೆಗೆ ಚೌಕಟ್ಟನ್ನು ನೆಲಕ್ಕಿಡಿ. ಎಲ್ಲಿ ಹುಲ್ಲು ಚೆನ್ನಾಗಿದೆಯೋ ಅಲ್ಲಿಡುವ ಆಸೆ ಬರುತ್ತದೆ, ಬೇಡ. ಹೆಜ್ಜೆ ಎಲ್ಲಿ ಮುಗಿಯುತ್ತದೋ ಅಲ್ಲೇ ಇಡಿ. ಕನಿಷ್ಠ 20 ಚೌಕ ಬೇಕು. ಪ್ರತಿಯೊಂದರಲ್ಲಿ ಬರೆಯಬೇಕಾದ್ದು ನಾಲ್ಕೇ: ಎಷ್ಟು ಭಾಗ ಬರಿ ನೆಲ, ಬಹುವಾರ್ಷಿಕ ಹುಲ್ಲಿನ ಬುಡ ಎಷ್ಟು, ಒಟ್ಟು ಎಷ್ಟು ಬಗೆ ಗಿಡ, ಕಳೆ ಯಾವುದು ಎಷ್ಟು.

ನಾಲ್ಕು ಕಡೆ ಗುರುತಿನ ಕಲ್ಲು ನೆಟ್ಟು ಅದರ ಮೇಲಿಂದ ಒಂದೇ ದಿಕ್ಕಿಗೆ ಫೋಟೊ ತೆಗೆಯಿರಿ. ಪ್ರತಿವರ್ಷ ಅದೇ ತಿಂಗಳು, ಅದೇ ಕಲ್ಲು, ಅದೇ ದಿಕ್ಕು. ಹಕ್ಕಿಗಳಿಗೆ ಬೆಳಗಿನ ಒಂದು ಗಂಟೆ ನಡೆದು ಕಂಡದ್ದನ್ನು, ಕೇಳಿದ್ದನ್ನು ಬರೆದರೆ ಸಾಕು.

4. ಮೊದಲು ಹಾನಿ ನಿಲ್ಲಲಿ

ಹುಲ್ಲುಗಾವಲು ಹಾಳಾಗಿರುವುದು ಬಹುತೇಕ ಒಳ್ಳೆಯ ಉದ್ದೇಶದ ಕೆಲಸಗಳಿಂದ. ಜೆಸಿಬಿಯಲ್ಲಿ ಉದ್ದುದ್ದ ಕಂದಕ ತೋಡಿ ಸಸಿ ನೆಡುವುದು ಇವುಗಳಲ್ಲಿ ಮೊದಲನೆಯದು. ಕಂದಕ ತೋಡುವಾಗ ಮೇಲಿನ ಒಂದಡಿ ಮಣ್ಣು, ಅದರಲ್ಲಿರುವ ಬುಡ, ಬೀಜ ಎಲ್ಲ ಕೆಳಗೆ ಹೂತುಹೋಗಿ ಗರಸು ಮೇಲೆ ಬರುತ್ತದೆ. ಆ ದಿಬ್ಬದ ಮೇಲೆ ಮೊದಲು ಮೊಳೆಯುವುದು ಪಾರ್ಥೇನಿಯಂ. ಒಮ್ಮೆ ಉತ್ತ ಅಥವಾ ಅಗೆದ ಹಳೆಯ ಹುಲ್ಲುಗಾವಲು ತಾನಾಗಿ ಮೊದಲಿನಂತಾಗಲು ಹತ್ತಾರು ವರ್ಷ ಬೇಕು, ಏಕೆಂದರೆ ಬಹುವಾರ್ಷಿಕ ಹುಲ್ಲಿನ ಬೀಜ ದೂರ ಹಾರುವುದೂ ಇಲ್ಲ, ಮಣ್ಣಿನಲ್ಲಿ ಬಹಳ ವರ್ಷ ಉಳಿಯುವುದೂ ಇಲ್ಲ.

ನೀರಿಂಗಿಸಬೇಕೆಂದರೆ ಕೊರಕಲು ಬಿದ್ದ ಜಾಗದಲ್ಲಿ ಮಾತ್ರ ಅಲ್ಲೇ ಸಿಗುವ ಕಲ್ಲು ಜೋಡಿಸಿ ಮೊಣಕಾಲೆತ್ತರದ ತಡೆ ಕಟ್ಟಿ. ಉಳಿದ ನೆಲಕ್ಕೆ ಹುಲ್ಲಿನ ಬೇರೇ ಇಂಗುಗುಂಡಿ. ಶಾಲಾ ಮಕ್ಕಳಿಂದ ಮರದ ಬೀಜದುಂಡೆ ಎರಚಿಸುವ ಕಾರ್ಯಕ್ರಮವನ್ನು ಪ್ರೀತಿಯಿಂದಲೇ ಬೇರೆ ಕಡೆಗೆ ತಿರುಗಿಸಿ: ಊರ ದಾರಿ, ಕೆರೆ ಏರಿಯ ಹಿಂಭಾಗ, ಶಾಲೆಯ ಅಂಗಳ ಇವೆಯಲ್ಲ. ಬೈಕು, ಜೀಪು ಒಂದೇ ದಾರಿಯಲ್ಲಿ ಓಡಾಡುವಂತೆ ಉಳಿದ ಕಡೆ ದಪ್ಪ ಕಲ್ಲಿಡಿ. ಕೋಳಿ ಅಂಗಡಿಯ ತ್ಯಾಜ್ಯ ಬೀಳುವುದನ್ನು ಪಂಚಾಯಿತಿಗೆ ಹೇಳಿ ನಿಲ್ಲಿಸಲೇಬೇಕು; ತ್ಯಾಜ್ಯ ಇದ್ದಲ್ಲಿ ಬೀದಿನಾಯಿ ಹಿಂಡು ಸೇರುತ್ತದೆ, ನೆಲದ ಮೇಲಿನ ಗೂಡು, ಮರಿಗಳು ಅದರ ಪಾಲಾಗುತ್ತವೆ.

5. ಕಳೆಗಿಡ ತೆಗೆಯುವುದು

ಇಡೀ ಜಾಗವನ್ನು ಒಂದೇ ಸಲ ಬೋಳು ಮಾಡಬೇಡಿ. ಒಂದು ಮಳೆಗಾಲದಲ್ಲಿ ನೀವು ಮತ್ತೆ ಮತ್ತೆ ಹೋಗಿ ನೋಡಿಕೊಳ್ಳಬಲ್ಲಷ್ಟು ಮಾತ್ರ ಬಿಡಿಸಿ. ಐದು ಜನರ ಗುಂಪಿಗೆ ಮೊದಲ ವರ್ಷ ಎರಡು ಎಕರೆ ಧಾರಾಳ. ಎಲ್ಲಿ ಕಳೆ ತೆಳ್ಳಗಿದ್ದು ಹುಲ್ಲು ಇನ್ನೂ ಉಳಿದಿದೆಯೋ ಅಲ್ಲಿಂದ ಶುರುಮಾಡಿ ದಟ್ಟ ಕಳೆಯ ಕಡೆಗೆ ಸಾಗಿ. ಬಹಳ ಮಂದಿ ತಿರುವುಮುರುವು ಮಾಡಿ, ದಟ್ಟ ಪೊದೆಗೆ ಮೊದಲು ಕೈಹಾಕಿ ಸೋಲುತ್ತಾರೆ.

ಬಳ್ಳಾರಿ ಜಾಲಿ: ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರುತ್ತವೆ. ಚಿಗುರುವ ಮೊಗ್ಗುಗಳು ಬುಡದಲ್ಲಿ, ನೆಲದ ಸ್ವಲ್ಪ ಕೆಳಗೆ ಇರುವುದೇ ಕಾರಣ. ಆದ್ದರಿಂದ ಬುಡದ ಸುತ್ತ ಅಗೆದು ನೆಲದಿಂದ ಒಂದಡಿ ಕೆಳಗೆ ತಾಯಿಬೇರನ್ನು ಕತ್ತರಿಸಿ ಬುಡವನ್ನು ಮೇಲೆತ್ತಬೇಕು. ಮೊಣಕಾಲೆತ್ತರದ ಸಸಿಗಳನ್ನು ಒಳ್ಳೆಯ ಮಳೆ ಬಿದ್ದ ಮರುದಿನ ಕೈಯಲ್ಲೇ ಕೀಳಬಹುದು. ಕಾಯಿ ಒಣಗುವ ಮುಂಚೆ ಈ ಕೆಲಸ ಮುಗಿಸಿ. ಸಿಹಿಯಾದ ಆ ಕಾಯನ್ನು ಕುರಿ, ದನ ತಿಂದು ಸಗಣಿ, ಹಿಕ್ಕೆಯ ಮೂಲಕ ಬೀಜ ಹರಡುತ್ತವೆ. ಕಾಯಿ ತಿಂದ ಹಿಂಡನ್ನು ಬಿಡಿಸಿದ ಜಾಗಕ್ಕೆ ಬಿಡುವ ಮೊದಲು ಒಂದು ವಾರ ಬೇರೆ ಕಡೆ ಮೇಯಿಸಿ. ಅಗೆದ ಗುಂಡಿಯನ್ನು ಅದೇ ದಿನ ಮುಚ್ಚಿ. ಇನ್ನೊಂದು ಮಾತು: ಊರಲ್ಲಿ ಜಾಲಿ ಸೌದೆ, ಇದ್ದಿಲು ನಂಬಿದ ಮನೆಗಳಿರುತ್ತವೆ. ಕಡಿದ ಸೌದೆ ಅವರಿಗೇ ಸಿಗುವಂತೆ ಮೊದಲೇ ಮಾತಾಡಿ. ಅವರನ್ನು ಬಿಟ್ಟು ಮಾಡಿದ ಕೆಲಸ ನಿಲ್ಲುವುದಿಲ್ಲ.

ಲಂಟಾನ: ಹಣ್ಣು ಕಟ್ಟುವ ಮುಂಚೆ, ಪಿಕಾಸಿಯಿಂದ ನೆಲದ ಮೇಲ್ಮೈಗಿಂತ 3ರಿಂದ 5 ಸೆಂ.ಮೀ. ಕೆಳಗೆ ಮುಖ್ಯ ಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಿ. ಬೇರು ಮಣ್ಣಿಗೆ ತಾಗಿದರೆ ಮತ್ತೆ ಹಿಡಿಯುತ್ತದೆ. ಹಕ್ಕಿ ಕೂರುವ ಮರಗಳ ಕೆಳಗೆ ಮುಂದಿನ ಎರಡು ಮೂರು ಮಳೆಗಾಲ ಸಸಿ ಏಳುತ್ತಲೇ ಇರುತ್ತವೆ. ಅಲ್ಲಿ ತಪ್ಪದೆ ನೋಡಿ.

ಪಾರ್ಥೇನಿಯಂ: ಹೂ ಬಿಡುವ ಮುಂಚೆ, ಮಣ್ಣು ಹಸಿಯಿದ್ದಾಗ ಬೇರುಸಮೇತ ಕೀಳಿ. ಒಂದು ಗಿಡ ಸಾವಿರಾರು ಬೀಜ ಬಿಡುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇಲ್ಲದೆ ಮುಟ್ಟಬೇಡಿ. ಚರ್ಮದ ತುರಿಕೆ, ಉಬ್ಬಸ ಬರುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಲೇಬೇಡಿ. ಎಲೆಯ ಮೇಲೆ ಕಪ್ಪು ಗೆರೆಯ ತಿಳಿಹಳದಿ ಸಣ್ಣ ದುಂಬಿ ಕಂಡರೆ ಬಿಟ್ಟುಬಿಡಿ. ಅದು ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮಾ, ಪಾರ್ಥೇನಿಯಂ ತಿಂದೇ ಬದುಕುತ್ತದೆ.

ನೀಲಗಿರಿ, ಅಕೇಶಿಯಾ ನೆಡುತೋಪನ್ನು ನೀವಾಗಿ ಕಡಿಯುವಂತಿಲ್ಲ. ಒಡೆತನದ ಇಲಾಖೆಯೇ ತೆಗೆಸಬೇಕು. ಕಡಿದ ಮೇಲೆ ಮೋಟು ಚಿಗುರದಂತೆ ಎರಡು ವರ್ಷ ಚಿಗುರು ಮುರಿಯುವ ಕೆಲಸವನ್ನೂ ಒಪ್ಪಂದದಲ್ಲಿ ಸೇರಿಸುವಂತೆ ಕೇಳಿ.

ತಂಗಡಿ, ಬಂದರೆ ಗಿಡಗಳು ಇಲ್ಲಿಯವೇ. ಕಳೆ ಕೀಳುವ ಹುರುಪಿನಲ್ಲಿ ಅವನ್ನೂ ಸವರಿಬಿಡುವುದು ಸಾಮಾನ್ಯ ತಪ್ಪು. ಮೊಲ, ನರಿ, ಹಕ್ಕಿಗಳಿಗೆ ಆ ಪೊದೆಗಳ ಮರೆ ಬೇಕು.

6. ಹುಲ್ಲಿನ ಬೀಜ

ಬುಡ ಉಳಿದಿರುವ ನೆಲಕ್ಕೆ ಬಿತ್ತನೆಯೇ ಬೇಡ. ಚೌಕಕ್ಕೆ ಸರಾಸರಿ ಮೂರು ನಾಲ್ಕು ಬಹುವಾರ್ಷಿಕ ಬುಡವಿದ್ದರೆ ಎರಡು ಮಳೆಗಾಲ ಮೇವು ತಡೆದರೆ ಸಾಕು, ತಾನೇ ತುಂಬಿಕೊಳ್ಳುತ್ತದೆ. ಬಿತ್ತನೆ ಬೇಕಾಗುವುದು ಕಳೆ ತೆಗೆದ ಬರಿ ನೆಲಕ್ಕೆ, ಹಿಂದೆ ಉತ್ತಿದ್ದ ಜಾಗಕ್ಕೆ.

ಬೀಜ ಅಂಗಡಿಯಿಂದ ತರಬೇಡಿ. ಮೇವಿನ ಬೀಜವೆಂದು ಸಿಗುವ ಸ್ಟೈಲೋ, ಗಿನಿ ಹುಲ್ಲು ಹೊಲದ ಬದುವಿಗೆ ಸರಿ, ಕಾವಲಿಗೆ ಸಲ್ಲ. ಇವು ಹೊರಗಿನವು, ಹಿಡಿದರೆ ಸಣ್ಣ ಹುಲ್ಲುಗಳನ್ನು ಒತ್ತುತ್ತವೆ. ಅದೇ ತಾಲ್ಲೂಕಿನ, ಅದೇ ಬಗೆಯ ಮಣ್ಣಿನ ಒಳ್ಳೆಯ ಜಾಗದಿಂದ ಆರಿಸಿ. ಕೆಮ್ಮಣ್ಣಿನ ಬೀಜ ಎರೆಗೆ, ಎರೆಯದು ಕೆಮ್ಮಣ್ಣಿಗೆ ಬೇಡ.

ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ, ತೆನೆಯನ್ನು ಬೆರಳಲ್ಲಿ ಸವರಿದರೆ ಬೀಜ ಸುಲಭವಾಗಿ ಕೈಗೆ ಬರುವಾಗ ಬಳಿಯಿರಿ. ಎಳೆದರೆ ಮಾತ್ರ ಬರುವುದು ಇನ್ನೂ ಬಲಿತಿಲ್ಲ. ಒಂದು ಜಾಗದ ತೆನೆಗಳಲ್ಲಿ ನಾಲ್ಕರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಕನಿಷ್ಠ ಐದಾರು ಬಗೆ ಹುಲ್ಲು, ಜೊತೆಗೆ ಅಲಿಸಿಕಾರ್ಪಸ್, ಇಂಡಿಗೋಫೆರಾದಂಥ ನೆಲದ ದ್ವಿದಳ ಗಿಡಗಳ ಬೀಜವೂ ಇರಲಿ. ಮೂರರಿಂದ ಐದು ದಿನ ನೆರಳಲ್ಲಿ ಹರಡಿ ಒಣಗಿಸಿ ಬಟ್ಟೆಚೀಲದಲ್ಲಿ ತುಂಬಿ, ಇಲಿ ಬರದ ಕಡೆ ತೂಗುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ.

ಹೊಸ ಬೀಜ ಕೂಡಲೇ ಮೊಳೆಯದಿದ್ದರೆ ಗಾಬರಿ ಬೇಡ. ಅನೇಕ ಕಾಡುಹುಲ್ಲುಗಳ ಬೀಜಕ್ಕೆ ಆರು ತಿಂಗಳಿಂದ ಒಂದು ವರ್ಷ ಸುಪ್ತಾವಸ್ಥೆ ಇರುತ್ತದೆ, ಎಂದರೆ ಜೀವವಿದ್ದೂ ಮೊಳೆಯದ ಕಾಲ. ಮೇ ತಿಂಗಳಲ್ಲಿ ಪರೀಕ್ಷಿಸಿ: 100 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 14 ದಿನ ತೇವವಾಗಿಟ್ಟು ಎಣಿಸಿ. 20 ಮೊಳೆತರೆ ಬಿತ್ತಬಹುದು. ಐದಕ್ಕಿಂತ ಕಡಿಮೆಯಾದರೆ ಮುಂದಿನ ವರ್ಷಕ್ಕೆ ಇಡಿ, ಇಲ್ಲವೇ ತೆನೆ ಜೊಳ್ಳೇ ಎಂದು ಸೀಳಿ ನೋಡಿ.

ಬೀಜ ಹಗುರ, ರೋಮ ಬೇರೆ. ಹಾಗೇ ಎರಚಿದರೆ ಗಾಳಿಗೆ ಬೇಲಿ ಸೇರುತ್ತದೆ. ಅಳತೆಯಲ್ಲಿ ಒಂದು ಪಾಲು ಬೀಜ, ಒಂದು ಪಾಲು ಪುಡಿ ಸಗಣಿ, ಮೂರು ಪಾಲು ಜೇಡಿಮಣ್ಣು, ಒಂದು ಪಾಲು ಮರಳು ಸೇರಿಸಿ, ನೀರು ಚಿಮುಕಿಸಿ ಕಡಲೆಗಾತ್ರದ ಗುಳಿಗೆ ಮಾಡಿ ನೆರಳಲ್ಲಿ ಒಣಗಿಸಿ. ಗಾತ್ರ ನಿಂಬೆಹಣ್ಣಿನಷ್ಟಾದರೆ ಒಳಗಿನ ಮೊಳಕೆ ಹೊರಬರದೆ ಸಾಯುತ್ತದೆ. ಶುದ್ಧ ಬೀಜವಾದರೆ ಎಕರೆಗೆ ಸುಮಾರು 2 ಕೆ.ಜಿ., ಹೊಟ್ಟು ಬೆರೆತ ಕೈಬಳಿ ಬೀಜವಾದರೆ 5ರಿಂದ 6 ಕೆ.ಜಿ. ಬೇಕು.

ಬಿತ್ತುವ ಮುಂಚೆ ಉಳಬೇಡಿ. ಕುಂಟೆಯನ್ನೋ ಮುಳ್ಳುಕೊಂಬೆಯನ್ನೋ ಎಳೆದು ಮೇಲ್ಮೈ ಗೀಚಿದರೆ ಸಾಕು. ಬೀಜ ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋಗಬಾರದು. ಎರಡು ಹದಮಳೆ ಆದ ಮೇಲೆ ಎರಚಿ. ಮೊದಲ ಮಳೆಗೇ ಎರಚಿದರೆ ಮೊಳೆತದ್ದು ನಡುವಿನ ಒಣಗಾಲಕ್ಕೆ ಸುಟ್ಟುಹೋಗುತ್ತದೆ. ಚಳ್ಳಕೆರೆ, ಹಿರಿಯೂರು ಕಡೆ ಮುಖ್ಯ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿ ಅರ್ಧ ಬೀಜವನ್ನು ಮುಂಗಾರಿಗೆ, ಅರ್ಧವನ್ನು ಪುಬ್ಬೆ, ಉತ್ತರೆ ಮಳೆಗೆ ಇಟ್ಟುಕೊಳ್ಳುವುದು ಜಾಣತನ.

ಬೀಜ ಸಾಲದ ಸಣ್ಣ ಜಾಗಕ್ಕೆ ಬುಡ ಬಿಡಿಸಿ ನೆಡಬಹುದು. ಒಂದು ಹಳೆಯ ಬುಡವನ್ನು ಬೇರುಸಮೇತ ಎತ್ತಿ, ಎರಡು ಮೂರು ಕಡ್ಡಿಯ ಸೀಳುಗಳಾಗಿ ಬಿಡಿಸಿ, ಎಲೆಯನ್ನು ಗೇಣಿಗಿಂತ ಕಮ್ಮಿಗೆ ಕತ್ತರಿಸಿ ಮಳೆಯ ದಿನ ನೆಡಿ. ಅರ್ಧ ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 16,000 ಸೀಳು ಬೇಕಾಗುತ್ತದೆ, ಕೂಲಿ ಹೆಚ್ಚು. ಹಾಗಾಗಿ ಇಡೀ ಎಕರೆಗೆ ಯೋಚಿಸದೆ ಗುಂಪುಗುಂಪಾಗಿ ನೆಟ್ಟು, ಅಲ್ಲಿಂದ ಬೀಜ ಹರಡಲು ಬಿಡಿ.

7. ಮೇವು: ಪೂರ್ತಿ ತಡೆಯಬೇಡಿ, ಸರದಿ ಮಾಡಿ

ಬೇಲಿ ಹಾಕಿ ದನ, ಕುರಿಯನ್ನು ಶಾಶ್ವತವಾಗಿ ಹೊರಗಿಟ್ಟರೆ ಹುಲ್ಲು ಚೆನ್ನಾಗುತ್ತದೆ ಎಂದು ನಂಬಿದವರು ಬಹಳ. ಎರಡು ಮೂರು ವರ್ಷ ಹಾಗೇ ಕಾಣುತ್ತದೆ. ಆಮೇಲೆ ಒಣ ಹುಲ್ಲು ಬುಡದ ಮೇಲೆ ಕವುಚಿಕೊಂಡು ಹೊಸ ಚಿಗುರಿಗೆ ಬೆಳಕು ತಪ್ಪುತ್ತದೆ, ಪೊದೆಗಳು ಏಳುತ್ತವೆ, ಬೇಸಿಗೆಯಲ್ಲಿ ಒಂದು ಬೀಡಿ ಸಾಕು ಎಲ್ಲ ಉರಿಯಲು. ನಮ್ಮ ಹುಲ್ಲುಗಾವಲುಗಳು ಮೇಯುವ ಪ್ರಾಣಿಗಳ ಜೊತೆಯಲ್ಲೇ ಬೆಳೆದಿವೆ. ಹಳೆಯ ಮೈಸೂರಿನ ಅಮೃತ್ ಮಹಲ್ ವ್ಯವಸ್ಥೆಯಲ್ಲಿ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಇದ್ದು, ದನದ ಹಿಂಡು ಋತುವಿಗೆ ತಕ್ಕಂತೆ ಸಾಗುತ್ತಿತ್ತು. ಒಂದು ಮೇಯುವಾಗ ಉಳಿದೆರಡು ಚೇತರಿಸಿಕೊಳ್ಳುತ್ತಿದ್ದವು. ಆ ತತ್ವವನ್ನೇ ಸಣ್ಣದಾಗಿ ಬಳಸಿ.

ಜಾಗವನ್ನು ನಾಲ್ಕು ಭಾಗ ಮಾಡಿ. ಬೇಲಿ ಬೇಕಿಲ್ಲ, ಸುಣ್ಣ ಬಳಿದ ಕಲ್ಲು, ಹಳ್ಳ, ದಾರಿಯ ಗುರುತು ಸಾಕು, ಮಾತು ಗಟ್ಟಿಯಿರಬೇಕು. ಪ್ರತಿವರ್ಷ ಒಂದು ಭಾಗಕ್ಕೆ ಮೃಗಶಿರ ಮಳೆಯಿಂದ ಬೀಜ ಉದುರುವವರೆಗೆ, ಅಂದರೆ ಹೆಚ್ಚುಕಡಿಮೆ ಡಿಸೆಂಬರ್ ಮಧ್ಯದವರೆಗೆ, ಪೂರ್ತಿ ಬಿಡುವು. ಉಳಿದ ಮೂರರಲ್ಲಿ ಸರದಿ. ಹುಲ್ಲು ನಾಲ್ಕು ಬೆರಳಿಗಿಂತ ಗಿಡ್ಡವಾದ ಕೂಡಲೇ ಮುಂದಿನ ಭಾಗಕ್ಕೆ ಹೋಗಬೇಕು. ಬೇರೆ ಊರಿನ ವಲಸೆ ಕುರಿಮಂದೆ ಬರುವ ತಿಂಗಳನ್ನೂ ಸರದಿಯಲ್ಲೇ ಸೇರಿಸಿ, ಅವರನ್ನು ಕೂರಿಸಿಕೊಂಡೇ ನಿರ್ಧರಿಸಿ.

ಎಷ್ಟು ದನ ಎಂಬುದನ್ನು ಅಳೆದು ತಿಳಿಯಬಹುದು. ನವೆಂಬರ್‌ನಲ್ಲಿ ಹತ್ತು ಚೌಕದ ಹುಲ್ಲು ಕೊಯ್ದು, ಒಣಗಿಸಿ ತೂಗಿ. ಸರಾಸರಿ 200 ಗ್ರಾಂ ಬಂತೆನ್ನಿ. ಎಕರೆಗೆ ಸುಮಾರು 4,047 ಚದರ ಮೀಟರ್, ಹಾಗಾಗಿ 800 ಕೆ.ಜಿ. ಒಣ ಹುಲ್ಲು. ಅರ್ಧ ನೆಲಕ್ಕೇ ಬಿಡಬೇಕು, ಉಳಿದದ್ದು 400. ಸುಮಾರು 250 ಕೆ.ಜಿ. ತೂಕದ ನಾಟಿ ಹಸು ದಿನಕ್ಕೆ 6 ಕೆ.ಜಿ. ಒಣ ಮೇವು ತಿನ್ನುತ್ತದೆ. ಎಂದರೆ ಎಕರೆಗೆ 66 ಹಸು-ದಿನ. ನೂರು ಎಕರೆ ಕಾವಲು 55 ಹಸುಗಳನ್ನು ನಾಲ್ಕು ತಿಂಗಳು ಸಾಕುತ್ತದೆ. ಐದು ಕುರಿಗೆ ಒಂದು ಹಸುವಿನ ಲೆಕ್ಕ ಹಿಡಿಯಬಹುದು.

ಇದೇ ಲೆಕ್ಕವನ್ನು ನಿಯಮದ 30 ಎಕರೆಗೆ ಹಾಕಿ ನೋಡಿ: ನೂರು ದನಕ್ಕೆ ಇಪ್ಪತ್ತೇ ದಿನದ ಮೇವು! ನಿಯಮ ಹೇಳುವಷ್ಟು ಗೋಮಾಳ ಉಳಿದಿದ್ದರೂ ಸಾಲದು ಎಂದು ಪಂಚಾಯಿತಿ ಸಭೆಯಲ್ಲಿ ತೋರಿಸಲು ಇದಕ್ಕಿಂತ ಗಟ್ಟಿ ಲೆಕ್ಕ ಬೇಡ. ಬಿಡುವು ಕೊಟ್ಟ ತಿಂಗಳಿಗೆ ಬದಲಿ ಮೇವು ಎಲ್ಲಿಂದ ಎಂಬುದಕ್ಕೆ ಉತ್ತರ ಮೊದಲೇ ಸಿದ್ಧವಿರಬೇಕೆಂಬುದೂ ಇದರಿಂದಲೇ ತಿಳಿಯುತ್ತದೆ. ಬಿಡುವು ಕೊಟ್ಟ ಭಾಗದಿಂದ ಬೀಜ ಉದುರಿದ ಮೇಲೆ ಕೊಯ್ದ ಹುಲ್ಲನ್ನು ದನವಿರುವ ಮನೆಗಳಿಗೆ ಹಂಚುವುದು ಒಂದು ದಾರಿ. ಕೊಯ್ಯುವಾಗ ಬುಡದಿಂದ 10 ಸೆಂ.ಮೀ. ಬಿಡಿ.

ಹೆಟೆರೊಪೋಗಾನ್ ಹೆಚ್ಚಿರುವ ಕಡೆ ಕುರಿಗಾರರ ದೂರು ಬರುತ್ತದೆ. ಈಟಿಯಂಥ ಅದರ ಬೀಜದ ಮುಳ್ಳು ತೇವಕ್ಕೆ ತಿರುಚಿಕೊಂಡು ಮಣ್ಣು ಕೊರೆದು ಇಳಿಯುವಂಥದ್ದು, ಉಣ್ಣೆಗೂ ಬಾಯಿಗೂ ಹಾಗೆಯೇ ಚುಚ್ಚುತ್ತದೆ. ಅಲ್ಲಿ ತೆನೆ ಬರುವ ಮುಂಚೆ ಅಥವಾ ಬೀಜ ಉದುರಿದ ಮೇಲೆ ಮಾತ್ರ ಕುರಿ ಬಿಡಿ.

8. ಬೆಂಕಿ ಮತ್ತು ಗೂಡಿನ ಕಾಲ

ಡಿಸೆಂಬರ್‌ನಲ್ಲಿ ಗಡಿಗುಂಟ, ದಾರಿಯ ಪಕ್ಕ 4ರಿಂದ 6 ಮೀಟರ್ ಅಗಲಕ್ಕೆ ಹುಲ್ಲು ಕೊಯ್ದು ಬೆಂಕಿರೇಖೆ ಮಾಡಿ. ಅಗೆಯಬೇಡಿ, ಕೊಯ್ಯಿರಿ. ಹೊಸ ಚಿಗುರಿಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಬೆಂಕಿ ಕೊಡುವ ರೂಢಿ ಹಲವು ಕಡೆ ಇದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮೊಟ್ಟೆ ಇಡುವ ಕಾಲ ಅದು. ಆಗಿನ ಬೆಂಕಿ ಬಿಸಿಯೂ ಹೆಚ್ಚು, ಬುಡವನ್ನೇ ಸುಡುತ್ತದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕೊಯ್ಲು, ಕಳೆ ತೆಗೆಯುವ ದೊಡ್ಡ ಗುಂಪಿನ ಕೆಲಸ ಮಾಡುವುದಿದ್ದರೆ ಮುಂಚೆ ಒಬ್ಬರು ನಿಧಾನವಾಗಿ ನಡೆದು ನೋಡಿ. ಟಿಟ್ಟಿಭ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಕಾಲ ಬುಡದಲ್ಲೇ ಮೊಟ್ಟೆ ಇದೆ ಎಂದು ತಿಳಿದು ಹಿಂದೆ ಸರಿಯಿರಿ. ಗೂಡು ಸಿಕ್ಕರೆ ಫೋಟೊ ತೆಗೆದು ಜಾಗದ ಗುರುತಿನೊಂದಿಗೆ ಹಂಚಬೇಡಿ.

9. ಯಾವ ವರ್ಷ ಏನು ಕಾಣಬೇಕು?

ಮೊದಲ ವರ್ಷ ಬಿಡಿಸಿದ ಜಾಗದಲ್ಲಿ ಕಳೆಯೇ ಹೆಚ್ಚು ಕಾಣುತ್ತದೆ. ಊರವರು ಮೊದಲೇ ಚೆನ್ನಾಗಿತ್ತು ಎನ್ನುವ ವರ್ಷ ಇದು. ಹೀಗಾಗುತ್ತದೆಂದು ಕೆಲಸಕ್ಕೆ ಮುಂಚೆಯೇ ಸಭೆಯಲ್ಲಿ ಹೇಳಿಟ್ಟಿರಿ. ಎರಡನೇ ವರ್ಷ ವಾರ್ಷಿಕ ಹುಲ್ಲುಗಳು, ದ್ವಿದಳ ಬಳ್ಳಿಗಳು ನೆಲ ಮುಚ್ಚುತ್ತವೆ. ಮೂರರಿಂದ ಐದನೇ ವರ್ಷದೊಳಗೆ ಬಹುವಾರ್ಷಿಕ ಬುಡಗಳು ಚೌಕದಲ್ಲಿ ಎಣಿಕೆಗೆ ಸಿಗಬೇಕು. ಬರ ಬಿದ್ದರೆ ಒಂದು ವರ್ಷ ಹಿಂದೆ ಬೀಳುತ್ತದೆ, ಅದು ಸೋಲಲ್ಲ. ಐದನೇ ವರ್ಷವೂ ಬುಡದ ಎಣಿಕೆ ಏರದಿದ್ದರೆ ಕಾರಣ ಬಹುತೇಕ ಎರಡರಲ್ಲಿ ಒಂದು: ಬಿಡುವಿನ ತಿಂಗಳಲ್ಲಿ ಕದ್ದು ಮೇವು ನಡೆದಿದೆ, ಇಲ್ಲವೇ ಬಿತ್ತಿದ ಬೀಜ ಜೊಳ್ಳಾಗಿತ್ತು. ಮೊದಲನೆಯದನ್ನು ತಿಳಿಯಲು ಮುಳ್ಳು ಸುತ್ತಿದ ಎರಡು ಮೀಟರ್‌ನ ಒಂದು ಸಣ್ಣ ಆವರಣವನ್ನು ಮೊದಲ ದಿನವೇ ಕಟ್ಟಿಟ್ಟಿರಿ. ಒಳಗೆ ಬುಡ ಹೆಚ್ಚಿ ಹೊರಗೆ ಹೆಚ್ಚದಿದ್ದರೆ ದೋಷ ಸರದಿಯಲ್ಲಿದೆ, ಮತ್ತೆ ಹಟ್ಟಿಗೆ ಹೋಗಿ ಕೂರಬೇಕು. ಒಳಗೂ ಹೊರಗೂ ಬರಿದಾಗಿದ್ದರೆ ಬೀಜದ ಪರೀಕ್ಷೆಯಿಂದ ಮತ್ತೆ ಶುರುಮಾಡಿ.